ಕೆಲಸದ ಇ-ಮೇಲ್: ಬರೆಯುವ ರೀತಿ, ಇಟ್ಟುಕೊಳ್ಳುವ ರೀತಿ

(ಪೇರ್ಲ್ಯಾಂಡ್‌ನಲ್ಲಿ ನಡೆದ ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಈ ವಿಷಯ ಅಂದಾಗ ಕೆಲವರು ಕೇಳಿದ್ರು: ಇ-ಮೇಲ್ ಆಫೀಸಿನಲ್ಲಿ ಕೂರೋರ ಕೆಲಸ ಅಲ್ವಾ, ವೈರ್ ಎಳೆಯೋರಿಗೆ, ಲಾರಿ ಓಡಿಸೋರಿಗೆ ಅದು ಯಾಕೆ ಅಂತ. ನಾನು ಹೇಳೋದು, ನಮಗೇ ಹೆಚ್ಚು ಬೇಕು. ಆಫೀಸಿನವರ ಕೆಲಸ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಮ್ಮ ಕೆಲಸ ಗೋಡೆಯೊಳಗೆ ಮುಚ್ಚಿಹೋಗುತ್ತದೆ. ಶೀಟ್‌ರಾಕ್ ಹೊಡೆದ ಮೇಲೆ ಒಳಗೆ ಎಷ್ಟು ಪೈಪ್ ಇದೆ, ಅದನ್ನು ಯಾರು ಹೇಳಿ ಹಾಕಿಸಿದ್ರು ಅನ್ನೋದಕ್ಕೆ ಬರೆದಿಟ್ಟ ಮಾತೇ ಸಾಕ್ಷಿ.

ಊರಿನಲ್ಲಿ ನಮ್ಮ ಹಿರಿಯರು ಕಾಗದ ಬರೆಯುವಾಗ "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು ಮಾಡ್ತಿದ್ರು. ಮಳೆ, ಬೆಳೆ, ಎಮ್ಮೆ ಈದದ್ದು, ಎಲ್ಲಾ ಆದ ಮೇಲೆ ಕೊನೆಯ ಸಾಲಿನಲ್ಲಿ ದುಡ್ಡಿನ ವಿಷಯ ಬರ್ತಿತ್ತು. ಅಲ್ಲಿ ಅದೇ ಮರ್ಯಾದೆ. ಇಲ್ಲಿ ಮೊದಲ ಎರಡು ಸಾಲಿನಲ್ಲಿ ವಿಷಯ ಹೇಳೋದೇ ಮರ್ಯಾದೆ. ಫೋರ್‌ಮನ್ ನಿಮ್ಮ ಮೇಲ್ ಓದೋದು ಟ್ರಕ್ ಪಕ್ಕ ನಿಂತು, ಒಂದು ಕೈಯಲ್ಲಿ ಫೋನ್ ಹಿಡಿದು. ಹೆಸರಿಡಿದು "ಹಾಯ್" ಅಂದರೆ ಇಲ್ಲಿ ಅಗೌರವ ಅಲ್ಲ. "ರೆಸ್ಪೆಕ್ಟೆಡ್ ಸರ್" ಬೇಕಾಗಿಲ್ಲ.

ಮೊದಲು ಸಬ್ಜೆಕ್ಟ್ ಸಾಲು. "ಅರ್ಜೆಂಟ್" ಅಂತ ಮಾತ್ರ ಬರೆದರೆ ಆರು ತಿಂಗಳಾದ ಮೇಲೆ ಹುಡುಕಿದರೂ ಸಿಗಲ್ಲ. ಸೈಟಿನ ವಿಳಾಸ ಅಥವಾ ಜಾಬ್ ನಂಬರ್, ವಿಷಯ, ತಾರೀಖು, ಈ ಮೂರೂ ಇರಲಿ. ಹೊಸ ವಿಷಯಕ್ಕೆ ಹೊಸ ಮೇಲ್ ಬರೆಯಿರಿ, ಹಳೆಯದಕ್ಕೇ ರಿಪ್ಲೈ ಹೊಡೆದು ಅದರಲ್ಲೇ ತುರುಕಬೇಡಿ.

ನಾನಿದ್ದ ಒಂದು ಸೈಟಿನಲ್ಲಿ ಡ್ರಾಯಿಂಗ್‌ನಲ್ಲಿ ಇಲ್ಲದ ಆರು ಔಟ್‌ಲೆಟ್ ಹಾಕಿ ಅಂತ ಬಾಯಿಮಾತಲ್ಲಿ ಹೇಳಿದ್ರು. ಅವತ್ತು ಸಂಜೆಯೇ ಒಂದು ಮೇಲ್ ಕಳಿಸಿದೆ. ಕನ್ನಡದಲ್ಲಿ ಹೇಳೋದಾದರೆ ಅದು ಇಷ್ಟೇ: "ಇವತ್ತು ಬೆಳಿಗ್ಗೆ ನೀವು ಹೇಳಿದ ಹಾಗೆ ಎರಡನೇ ಮಹಡಿಯ ಬ್ರೇಕ್ ರೂಮಿನಲ್ಲಿ ಆರು ಔಟ್‌ಲೆಟ್ ಹೆಚ್ಚುವರಿಯಾಗಿ ಹಾಕುತ್ತಿದ್ದೇವೆ. ಇದು ಡ್ರಾಯಿಂಗ್‌ನಲ್ಲಿ ಇಲ್ಲ. ಇಬ್ಬರಿಗೆ ಒಂದು ದಿನದ ಕೆಲಸ. ಫೋಟೋ ಲಗತ್ತಿಸಿದೆ. ನಾನು ತಿಳಿದದ್ದು ತಪ್ಪಿದ್ದರೆ ನಾಳೆ ಬೆಳಿಗ್ಗೆ 7ರೊಳಗೆ ತಿಳಿಸಿ." ಎರಡು ತಿಂಗಳಾದ ಮೇಲೆ ಬಿಲ್ ಬಂದಾಗ "ಇದನ್ನು ಯಾರು ಹೇಳಿದ್ರು?" ಅನ್ನೋ ಪ್ರಶ್ನೆ ಎದ್ದಿತು. ಆ ಮೇಲ್ ತೋರಿಸಿದ ಮೇಲೆ ಮಾತು ಮುಗಿಯಿತು. ಅದರಲ್ಲಿ ಜೋರು ಮಾತಿಲ್ಲ, ದೂರೂ ಇಲ್ಲ. ಯಾರು, ಯಾವಾಗ, ಎಲ್ಲಿ, ಎಷ್ಟು, ಅಷ್ಟೇ.

ಇನ್ನು ಪದಗಳು. ನಾವು ಊರಿನಿಂದ ತಂದ ಇಂಗ್ಲಿಷು ಇಲ್ಲಿ ಬೇರೆ ಅರ್ಥ ಕೊಡುತ್ತದೆ. "ಐ ಹ್ಯಾವ್ ಎ ಡೌಟ್" ಅಂದರೆ ಪ್ರಶ್ನೆ ಇದೆ ಅಂತ ಅಲ್ಲ, ನಿಮ್ಮ ಮೇಲೆ ಅನುಮಾನ ಇದೆ ಅಂತ ಕೇಳಿಸಬಹುದು. "ಕ್ವೆಶ್ಚನ್" ಅನ್ನಿ. "ರಿವರ್ಟ್" ಅಂದರೆ ಇಲ್ಲಿ ಹಳೆಯ ಸ್ಥಿತಿಗೆ ಹಿಂತಿರುಗಿಸೋದು. ಉತ್ತರ ಬೇಕಾದರೆ "ರಿಪ್ಲೈ" ಅನ್ನಿ. "ಡೂ ದ ನೀಡ್‌ಫುಲ್" ಅಂದರೆ ಏನು ಮಾಡಬೇಕು ಅಂತ ಅವರಿಗೆ ತಿಳಿಯಲ್ಲ. ಬೇಕಾದದ್ದನ್ನೇ ಬಿಡಿಸಿ ಬರೆಯಿರಿ.

ತಾರೀಖು ನೋಡಿ. 04/05 ಅಂದರೆ ನಮಗೆ ಮೇ 4, ಇಲ್ಲಿಯವರಿಗೆ ಏಪ್ರಿಲ್ 5. ಇನ್ಸ್‌ಪೆಕ್ಷನ್ ದಿನ ಒಂದು ತಿಂಗಳು ತಪ್ಪಿಹೋಗುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಊರಿನ ಕಚೇರಿಗೋ ಓದಿದ ಐಟಿಐಗೋ ಪ್ರಮಾಣಪತ್ರ ಕೇಳಿ ಬರೆಯುವಾಗ ಅಲ್ಲಿಯ ಹೊತ್ತು ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಮುಂದಿರುತ್ತದೆ ಅನ್ನೋದು ನೆನಪಿರಲಿ.

ನಮ್ಮ ಕಸುಬಿನವರಿಗೆ ಇದು ಜೀವದ ಮಾತೂ ಹೌದು. ಊರಿನ ವೈರಿಂಗ್‌ನಲ್ಲಿ ಕಪ್ಪು ವೈರ್ ಅಂದರೆ ನ್ಯೂಟ್ರಲ್. ಇಲ್ಲಿ ನ್ಯೂಟ್ರಲ್ ಬಿಳಿ ಅಥವಾ ಬೂದು, ಕಪ್ಪು ಸಾಮಾನ್ಯವಾಗಿ ಹಾಟ್, ಅಂದರೆ ಕರೆಂಟ್ ಇರೋದು. ಹೊಸದಾಗಿ ಬಂದ ಹುಡುಗನಿಗೆ "ಕಪ್ಪು ವೈರ್ ಬಿಚ್ಚು" ಅಂತ ಮಾತ್ರ ಬರೆದರೆ ಅವನು ಏನು ತಿಳ್ಕೊಳ್ತಾನೆ? ಪ್ಯಾನಲ್ ಹೆಸರು, ಬ್ರೇಕರ್ ನಂಬರ್, ಬ್ರೇಕರ್ ಆಫ್ ಮಾಡಿ ಲಾಕ್ ಹಾಕಿ ಮೀಟರ್‌ನಲ್ಲಿ ಪರೀಕ್ಷಿಸಬೇಕು ಅನ್ನೋದು, ಎಲ್ಲವೂ ಬರಹದಲ್ಲಿರಲಿ. ಅರ್ತಿಂಗ್ ಅನ್ನೋದನ್ನು ಇಲ್ಲಿ "ಗ್ರೌಂಡ್" ಅಂತಲೇ ಬರೆಯಿರಿ.

"ಟು"ನಲ್ಲಿ ಕೆಲಸ ಮಾಡಬೇಕಾದವರು, "ಸಿಸಿ"ಯಲ್ಲಿ ತಿಳಿದಿರಬೇಕಾದವರು. ಮೇಲಿನವರನ್ನೆಲ್ಲ ಸಿಸಿಗೆ ಹಾಕೋದು ಚಾಡಿ ಹೇಳಿದ ಹಾಗೆ ಕಾಣುತ್ತದೆ. ಸಿಟ್ಟು ಬಂದಾಗ ಬರೆಯಿರಿ, ಆದರೆ ಕಳಿಸಬೇಡಿ. ಬೆಳಿಗ್ಗೆ ಇನ್ನೊಮ್ಮೆ ಓದಿ. ಫೋನಿನ ಅನುವಾದ ಬಳಸಿದರೆ ತಪ್ಪಿಲ್ಲ, ಅಂಕಿ ಮತ್ತು ಹೆಸರುಗಳನ್ನು ಮಾತ್ರ ನೀವೇ ಒಂದೊಂದಾಗಿ ನೋಡಿ.

ಈಗ ಮುಖ್ಯವಾದ ಮಾತಿಗೆ ಬರ್ತೇನೆ. ಟೆಕ್ಸಾಸಿನಲ್ಲಿ ಜರ್ನಿಮನ್ ಎಲೆಕ್ಟ್ರಿಷಿಯನ್ ಲೈಸೆನ್ಸ್ ಸಿಗಬೇಕಾದರೆ ಮಾಸ್ಟರ್ ಎಲೆಕ್ಟ್ರಿಷಿಯನ್ ಕೈಕೆಳಗೆ 8,000 ಗಂಟೆ ಕೆಲಸ ಆಗಿರಬೇಕು. 7,000 ಆದ ಮೇಲೆ ಪರೀಕ್ಷೆಗೆ ಕೂರಬಹುದು. ಆ ಗಂಟೆಗಳಿಗೆ ಆ ಮಾಸ್ಟರ್ ಸಹಿ ಬೇಕು. ನಾಲ್ಕು ವರ್ಷದಲ್ಲಿ ಕಂಪನಿ ಮುಚ್ಚಬಹುದು, ಮಾಸ್ಟರ್ ಬೇರೆ ಊರಿಗೆ ಹೋಗಬಹುದು. ಕೊನೆಯಲ್ಲಿ ಓಡಾಡಬೇಡಿ. ವರ್ಷಕ್ಕೊಮ್ಮೆ ವಿನಯದಿಂದ ಒಂದು ಮೇಲ್ ಹಾಕಿ: "ಈ ವರ್ಷ ನಿಮ್ಮ ಕೈಕೆಳಗೆ ನನ್ನ ಲೆಕ್ಕದಲ್ಲಿ ಇಷ್ಟು ಗಂಟೆ ಆಗಿದೆ, ದಯವಿಟ್ಟು ಫಾರ್ಮಿಗೆ ಸಹಿ ಮಾಡಿಕೊಡಿ." ಕೆಲಸ ಬಿಡುವಾಗ ಸಹಿ ತಗೊಂಡೇ ಹೊರಡಿ.

ಸಂಬಳದ ಮಾತೂ ಹಾಗೆಯೇ. ನೀವು ನೌಕರರಾಗಿದ್ದು ಸಂಬಳ ಬಾರದಿದ್ದರೆ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ದೂರು ಕೊಡಬಹುದು. ಆದರೆ ಸಂಬಳ ಬರಬೇಕಾಗಿದ್ದ ದಿನದಿಂದ 180 ದಿನದೊಳಗೆ ಕೊಡಬೇಕು. "ಮುಂದಿನ ವಾರ, ಮುಂದಿನ ವಾರ" ಅಂತ ಬಾಯಿಮಾತಲ್ಲೇ ಆ ದಿನಗಳು ಕಳೆದುಹೋಗ್ತವೆ. ಎಷ್ಟು ಗಂಟೆ, ಯಾವ ವಾರ, ಎಷ್ಟು ಡಾಲರ್ ಅಂತ ಮೊದಲ ವಾರವೇ ಬರೆದು ಕೇಳಿ. ಕೆಲಸ ಬಿಟ್ಟ ದಿನವೇ ಕಂಪನಿಯ ಮೇಲ್ ಮುಚ್ಚುತ್ತಾರೆ. ಆದ್ದರಿಂದ ನಿಮ್ಮ ಗಂಟೆ, ಸಂಬಳದ ಲೆಕ್ಕ ನಿಮ್ಮ ಸ್ವಂತ ವಿಳಾಸದಲ್ಲಿ ಇರಲಿ. ಕಂಪನಿಯ ಡ್ರಾಯಿಂಗ್, ಗಿರಾಕಿಗಳ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ, ಅದು ನಮ್ಮದಲ್ಲ.

ಸಣ್ಣಪುಟ್ಟ ಕಾಂಟ್ರ್ಯಾಕ್ಟ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸದಕ್ಕೆ ಹಣ ಹಾಕಿ" ಅಂತ ಮೇಲ್ ಬಂದರೆ ಅದಕ್ಕೆ ಉತ್ತರ ಬರೆಯಬೇಡಿ. ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ ಕೇಳಿ. ಈ ಬಗೆಯ ಮೋಸದಲ್ಲಿ 2023ರಲ್ಲಿ ಸುಮಾರು 290 ಕೋಟಿ ಡಾಲರ್ ಹೋಗಿದೆ ಅಂತ ಎಫ್‌ಬಿಐಗೆ ಬಂದ ದೂರುಗಳ ಲೆಕ್ಕ ಹೇಳುತ್ತದೆ.

ಒಳ್ಳೆಯ ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಐದು ಸರಳ ಸಾಲು ಸಾಕು. ನಮ್ಮನ್ನು ಕಂಡೇ ಇರದ ಒಬ್ಬರು ಆರು ತಿಂಗಳ ನಂತರ ಅದನ್ನು ಓದಿದರೂ ನಾವು ಏನು ಮಾಡಿದೆವು, ನಮಗೆ ಏನು ಬರಬೇಕು ಅಂತ ತಿಳಿಯಬೇಕು. ಊಟ ಆದ ಮೇಲೆ ಫೋನ್ ತಗೊಂಡು ಬನ್ನಿ, ಈ ವರ್ಷದ ಗಂಟೆ ಲೆಕ್ಕದ ಮೇಲ್ ಇಲ್ಲೇ ಕೂತು ಬರೆಯೋಣ.