ಕಜ್ಜಾಯದ ಪಾಕ

ದೀಪಾವಳಿ ಹತ್ತಿರ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಾರೆ. ನೆನೆದ ಅಕ್ಕಿಯನ್ನು ನೆರಳಲ್ಲಿ ಆರಿಸಿ, ಪಸೆ ಇರುವಾಗಲೇ ಹಿಟ್ಟು ಮಾಡಬೇಕು. ಪೂರ್ತಿ ಒಣಗಿದರೆ ಕೆಟ್ಟಿತು. ಬೆಲ್ಲದ ಪಾಕವಂತೂ ಇನ್ನೂ ಹಟಮಾರಿ. ನೀರಿಗೆ ಬಿಟ್ಟ ತೊಟ್ಟು ಕರಗದೆ ಮೆತ್ತನೆಯ ಉಂಡೆಯಾದರೆ ಸರಿ. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಬಲಿತರೆ ಕಲ್ಲಾಗುತ್ತದೆ. ಎಳ್ಳು, ಏಲಕ್ಕಿ ಬೆರೆಸಿ ಪಾಕದಲ್ಲಿ ಕಲಸಿದ ಹಿಟ್ಟು ಒಂದೆರಡು ದಿನ ಸುಮ್ಮನೆ ಕೂರಬೇಕು. ಆಮೇಲೆ ಬಾಳೆಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎಣ್ಣೆ ಒತ್ತಿ ತೆಗೆಯುವುದು.

ಈ ಹದ ಅತ್ತೆಯ ಬೆರಳಿನಿಂದ ಸೊಸೆಯ ಬೆರಳಿಗೆ ಬಂದದ್ದು. ಗಂಡಸರ ಬೆರಳಿಗೇಕೆ ಬರಲಿಲ್ಲವೋ! ಈ ಸಲ ಅಂಗಡಿಯ ಡಬ್ಬಿ ಕೊಳ್ಳುವ ಮುನ್ನ ಅಜ್ಜಿಯ ಪಕ್ಕ, ಒಲೆಯ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಿ; ಮನೆಯ ಗಂಡುಮಕ್ಕಳನ್ನೂ ಕೂರಿಸಿ.