ಜಿಗಿಹುಳು ಮತ್ತು ನಮ್ಮ ತಟ್ಟೆಯ ಅನ್ನ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಭತ್ತದ ಕಾಳಿಗಿಂತ ಚಿಕ್ಕದಾದ ಒಂದು ಹುಳದ ಬಗ್ಗೆ ಮಾತಾಡ್ತೀನಿ.

ಕಂದು ಜಿಗಿಹುಳು. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಪೈರಿನ ಬುಡದಲ್ಲಿ ಕೂತು ರಸ ಹೀರುತ್ತೆ. ದಂಡೆ ಮೇಲೆ ನಿಂತು ನೋಡಿದರೆ ಗದ್ದೆ ಹಸಿರಾಗೇ ಇರುತ್ತೆ. ಆಮೇಲೆ ಅಲ್ಲಲ್ಲಿ ದುಂಡಗೆ, ಬೆಂಕಿ ಬಿದ್ದ ಹಾಗೆ ಒಣಗಿ ನಿಲ್ಲುತ್ತೆ. ಅಷ್ಟರಲ್ಲಿ ಸಾಲ ಮಾಡಿ ಹಾಕಿದ ಗೊಬ್ಬರದ ದುಡ್ಡೂ ಹೋಯ್ತು, ಬೆಳೆಯೂ ಹೋಯ್ತು.

ವಿಜ್ಞಾನಿಗಳು ಇದಕ್ಕೆ ಬೀಜದಲ್ಲೇ ಉತ್ತರ ಹುಡುಕಿದರು. 1973ರಲ್ಲಿ ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 26 ಬಂತು. ಅದರಲ್ಲಿದ್ದ ನಿರೋಧಕ ಗುಣ ‘ಮುಡ್ಗೊ’ ಅನ್ನೋ ನಮ್ಮ ಭಾರತದ್ದೇ ತಳಿಯಲ್ಲಿದ್ದ ಗುಣ. ಹುಳ ಬಂದು ಕೂರುತ್ತೆ, ಹೊಟ್ಟೆ ತುಂಬ ರಸ ಸಿಗಲ್ಲ. ರೈತ ನಿಟ್ಟುಸಿರು ಬಿಟ್ಟ.

ಎಷ್ಟು ದಿನ? ಮೂರ್ನಾಲ್ಕು ವರ್ಷ! ಕೋಟಿಗಟ್ಟಲೆ ಹುಳಗಳಲ್ಲಿ ಈ ಪೈರನ್ನೂ ತಿಂದು ಅರಗಿಸಿಕೊಳ್ಳೋವು ನಾಲ್ಕಾರು ಇದ್ದೇ ಇರ್ತವೆ. ಉಳಿದವು ಸತ್ತವು, ಇವು ಬದುಕಿದವು. ಇವುಗಳ ಸಂತಾನವೇ ಗದ್ದೆ ತುಂಬಿತು. 1976ರಲ್ಲಿ ಇನ್ನೊಂದು ಜೀನ್ ಸೇರಿಸಿ ಐಆರ್ 36 ಬಿಟ್ಟರು. ಒಂದು ಕಾಲಕ್ಕೆ ಕೋಟಿ ಹೆಕ್ಟೇರ್ ದಾಟಿ ಬೆಳೆದ ತಳಿ ಅದು. ಇಂಡೊನೇಷ್ಯಾದಲ್ಲಿ ಹುಳ ಅದನ್ನೂ ಗೆದ್ದಿತು. 1982ಕ್ಕೆ ಮೂರನೇ ಜೀನ್‌ನ ಐಆರ್ 56 ಬರಬೇಕಾಯ್ತು.

ಹಾಗಾದರೆ ಔಷಧಿ ಹೊಡೆದರೆ ಮುಗೀತಲ್ಲ ಅಂತೀರಾ? ಔಷಧಿಗೆ ಮೊದಲು ಸಾಯೋದು ಜಿಗಿಹುಳು ತಿನ್ನೋ ಜೇಡ. ಪೈರಿನ ಒಳಗಿಟ್ಟ ಮೊಟ್ಟೆ ಭದ್ರವಾಗಿರುತ್ತೆ. ಮರಿ ಹೊರಬಂದಾಗ ಹಿಡಿಯೋರೇ ಇಲ್ಲ. ಇದು ಅರ್ಥವಾಗಿಯೇ 1986ರಲ್ಲಿ ಇಂಡೊನೇಷ್ಯಾ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಅಕ್ಕಿಯೇನೂ ಕಡಿಮೆಯಾಗಲಿಲ್ಲ.

ನಾನು ಹೇಳೋದು ಇಷ್ಟೇ. ಒಂದು ತಳಿ, ಒಂದು ಜೀನ್ ನಮ್ಮನ್ನು ಕೊನೇ ತನಕ ಕಾಯಲ್ಲ. ಮುಂದಿನ ಜೀನ್ ಬೇಕು, ಅದರ ಮುಂದಿನದೂ ಬೇಕು. ಅವು ಸಿಗೋದು ಎಲ್ಲಿ? ಕೇರಳದ ಪಟ್ಟಾಂಬಿಯ ಪಿಟಿಬಿ 33, ಶ್ರೀಲಂಕಾದ ರಥು ಹೀನಟಿ, ಇಂಥ ಹಳೇ ತಳಿಗಳಲ್ಲಿ. ಇಳುವರಿ ಕಡಿಮೆ ಅಂತ ಯಾರೋ ಬಿಟ್ಟ, ಇನ್ಯಾರೋ ಉಳಿಸಿದ ಬೀಜಗಳಲ್ಲಿ.

ನಾವೇನು ಮಾಡ್ತಿದ್ದೀವಿ? ಸೋನಾ ಮಸೂರಿ ಅಂತ ನಾವು ಉಣ್ಣೋ ಬಿಪಿಟಿ 5204 ಜಿಗಿಹುಳುವನ್ನು ತಡೆಯಲ್ಲ. ರೈತನಿಗೂ ಅದು ಗೊತ್ತು. ಬೇರೆ ಭತ್ತ ಬೆಳೆದರೆ ಕೊಳ್ಳೋರಿಲ್ಲ, ಹಾಗಾಗಿ ಅದನ್ನೇ ನಾಟಿ ಮಾಡ್ತಾನೆ, ಔಷಧಿ ಅಂಗಡಿ ಮುಂದೆ ನಿಲ್ತಾನೆ. ನಿರೋಧಕ ತಳಿಗೂ ಒಳ್ಳೇ ಬೆಲೆ ಕಟ್ಟಬೇಕಾದ್ದು ಸರ್ಕಾರ, ಅಕ್ಕಿ ಗಿರಣಿ. ಅದನ್ನು ಉಣ್ಣೋಕೆ ತಯಾರಾಗಬೇಕಾದ್ದು ನಾವು.

ಅನ್ನ ಬೆಳ್ಳಗೆ, ಸಣ್ಣಗೆ ಇರಲಿ ಅನ್ನೋ ನಮ್ಮ ಹಠದ ಬೆಲೆಯನ್ನು ರೈತನೊಬ್ಬನೇ ಎಷ್ಟು ದಿನ ಕಟ್ಟಬೇಕು? ಯೋಚನೆ ಮಾಡಿ.