ಸತ್ತ ರೈತನ ಸಾಲ, ಮೊಬೈಲಿನ ಸುಳ್ಳು
(ಗೊಟಗೋಡಿಯಲ್ಲಿ ರೈತರ ಮುಂದೆ ಆಡಿದ ಮಾತು)



ಮೊಬೈಲಿನಾಗ ಸುಳ್ಳು ಹಾಕಿ ಬೈಯೋ ಪಕ್ಷದ ಹುಡುಗರಿಗೆ ಉತ್ತರ ಕೊಡಬೇಕೋ, ಬಿಡಬೇಕೋ ಎಂದು ಕೆಲವರು ಕೇಳಿದ್ದೀರಿ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯೇ ಸಾಕು.

2024ರ ಅಕ್ಟೋಬರ್. ಶಿಗ್ಗಾವಿ ಉಪಚುನಾವಣೆಯ ಕಾವು. ವಿಜಯಪುರದ ಕಡೆ ರೈತರಿಗೆ ವಕ್ಫ್ ನೋಟಿಸು ಬಂದ ಸುದ್ದಿ ಹಬ್ಬಿತ್ತು. ಸವಣೂರು ತಾಲೂಕಿನ ಕಡಕೋಳದಲ್ಲಿ, ನಮ್ಮ ಆಸ್ತಿಯೂ ವಕ್ಫಿಗೆ ಹೋಗತೈತಿ ಎಂಬ ಮಾತು ಎದ್ದು, 30ರ ರಾತ್ರಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು.

ಮರುವಾರವೇ ಇನ್ನೊಂದು. ಹಾವೇರಿ ಜಿಲ್ಲೆಯ ರೈತನೊಬ್ಬ ವಕ್ಫಿಗೆ ಭೂಮಿ ಹೋದದ್ದಕ್ಕೆ ಆತ್ಮಹತ್ಯೆ ಮಾಡಿಕೊಂಡ ಎಂದು ಸಂಸದ ತೇಜಸ್ವಿ ಸೂರ್ಯ ಬರೆದರು. ಆ ಸಾವು 2022ರ ಜನವರಿಯದು, ಕಾರಣ ಸಾಲಬಾಧೆ ಮತ್ತು ಬೆಳೆಹಾನಿ ಎಂದು ಜಿಲ್ಲಾ ಪೊಲೀಸರು ಹೇಳಿದರು. ಸಂಸದರು ಬರೆದದ್ದನ್ನು ಅಳಿಸಿದರು. ಅವರ ಮೇಲೆ ದಾಖಲಾದ ಪ್ರಕರಣವನ್ನು ಡಿಸೆಂಬರಿನಲ್ಲಿ ಹೈಕೋರ್ಟು ರದ್ದು ಮಾಡಿತು. ಕೋರ್ಟಿನ ಮಾತು ಕೋರ್ಟಿಗೆ ಇರಲಿ.

ನನ್ನ ಸಂಕಟ ಬೇರೆ ಐತಿ. ಆ ವಾರವೆಲ್ಲ ವಕ್ಫ್ ಹೌದು, ವಕ್ಫ್ ಅಲ್ಲ ಎಂದು ಎರಡೂ ಕಡೆಯವರು ಬಡಿದಾಡಿದರು. ಆ ಮನುಷ್ಯನ ಸಾಲ ಎಷ್ಟಿತ್ತು, ಯಾರ ಹತ್ತಿರ ತಂದಿದ್ದ, ಬೆಳೆವಿಮೆ ಬಂತೋ ಇಲ್ಲವೋ? ಒಬ್ಬರು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಸತ್ತವನನ್ನು ಎತ್ತಿಕೊಂಡರು, ಸಾಲವನ್ನು ಅಲ್ಲೇ ಬಿಟ್ಟು ಹೋದರು!

1980ರ ದಶಕದಲ್ಲಿ ನಮ್ಮ ಹಿರಿಯರು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಎಂದು ಊರ ಮುಂದೆ ಬೋರ್ಡು ಹಚ್ಚಿದರು. ಈ ಸುಳ್ಳಿಗೆ ಬೋರ್ಡು ನಾಟೂದಿಲ್ಲ. ಮಗನ ಕಿಸೆಯೊಳಗೆ ಕೂತು ಪಡಸಾಲಿಗೇ ಬರತೈತಿ.

ಹಾಗಾದರೆ ಏನು ಮಾಡೂದು? ಗುರುತಿಲ್ಲದೆ ಬೈಯುವವನಿಗೆ ಉತ್ತರ ಬೇಡ. ಒಮ್ಮೆ ನಾನೂ ಹಟಕ್ಕೆ ಬಿದ್ದು ಕೂತಿದ್ದೆ. ರಾತ್ರಿ ತ್ರೀಫೇಸ್ ಕರೆಂಟು ಬಂದು ಹೋಯಿತು, ಮೋಟರು ಚಾಲೂ ಮಾಡೂದು ಮರೆತೆ. ಬೈದವನ ಹೆಸರೂ ಖರೇದಲ್ಲ.

ಆದರೆ ಅದನ್ನು ನಂಬಿ ನಿಮಗೆ ಕಳಿಸಿದ ಪಕ್ಕದ ಹೊಲದವನನ್ನು ಬಿಡಬೇಡ್ರಿ. ಅವನಿಗೆ "ಸುಳ್ಳು, ಹುಚ್ಚಪ್ಪ" ಅನ್ನಲೂ ಬೇಡ್ರಿ. ಅವನ ಹೆದರಿಕೆಗೆ ಬುಡ ಇಲ್ಲದಿಲ್ಲ. ನೋಟಿಸು ಖರೇನ ಬಂದಿದ್ದವು. ಅವನ್ನು ಹಿಂದೆ ತೆಗೆದುಕೊಳ್ಳಲು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದು ಆ ನವೆಂಬರಿನ ಆರಂಭದಲ್ಲಿ. ಅವನ ಜೊತೆ ಹೋಗಿ ಪಹಣಿ ಉತಾರ ತೆಗೆಸ್ರಿ. 11ನೇ ಕಾಲಂ ಓದ್ರಿ. ವಕ್ಫ್ ಎಂಬ ನಮೂದು ಅಲ್ಲಿ ಆಗಿರಬಹುದು. ಇದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡೋಣ, ನಾವೂ ಬರತೀವಿ. ಇಲ್ಲದಿದ್ದರೆ ಕಟ್ಟೆ ಮೇಲೆ ಗಟ್ಟಿಯಾಗಿ ಓದಿ, ಸುಳ್ಳು ಬಂದ ಗ್ರೂಪಿಗೇ ಅದರ ಫೋಟೋ ಹಾಕ್ರಿ. ಕಡಕೋಳದಲ್ಲಿ ಆ ಸಂಜೆ ಯಾರಾದರೂ ಹೀಗೆ ಓದಿದ್ದರೆ ಕಲ್ಲು ಬೀಳುತ್ತಲೇ ಇರಲಿಲ್ಲ ಎನ್ನಲಾರೆ. ನಾಲ್ಕು ಕೈಯಾದರೂ ತಡೀತಿದ್ದವು.

ಅದೇ 11ನೇ ಕಾಲಮಿನಲ್ಲಿ ಇನ್ನೊಂದೂ ಕಾಣತೈತಿ, ಬ್ಯಾಂಕಿನ ಬೋಜಾ. ಅದನ್ನೂ ಗಟ್ಟಿಯಾಗೇ ಓದ್ರಿ. ಗೋವಿನಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಇಲ್ಲಿ ಕೂತವರಲ್ಲಿ ಆ ರೇಟಿಗೆ ಮಾರಿದವರು ಕೈ ಎತ್ತರಿ ನೋಡೋಣ. ಯಾವ ಪಕ್ಷದ ಹುಡುಗ ಮೊಬೈಲು ಹಿಡಿದು ಬಂದರೂ ಮೊದಲು ಇದನ್ನ ಕೇಳ್ರಿ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ತಮ್ಮ ಉತಾರ ತಗೊಂಡು ಬರ್ರಿ.